ಬಂಡೆಯ ಮೇಲೆ ಯಾರಿಗೆ ಎಲ್ಲಿ ಜಾಗ?

ಬಿಸಿಬೇಳೆ ಬಾತ್ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಕಲ್ಲುಹೂ ಹೊಸದಲ್ಲ. ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆ ದಿನಸಿ ಅಂಗಡಿಯವರು ಪೊಟ್ಟಣ ಕಟ್ಟಿಕೊಡುವ, ಸುಟ್ಟ ಕಾಗದದ ಚೂರಿನ ಹಾಗೆ ಕಾಣುವ ಪದಾರ್ಥ ಅದು. ಒಂದು ಕಡೆ ಬೂದು ಬಣ್ಣ, ಇನ್ನೊಂದು ಕಡೆ ಕಪ್ಪು. ಹಾಗೇ ಮೂಸಿದರೆ ಒಣ ಮಣ್ಣಿನ ವಾಸನೆ. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ ಹುರಿದರೆ ಇಡೀ ಮನೆ ಘಮ್ ಅನ್ನುತ್ತೆ. "ಚೂರು ಹೆಚ್ಚಾದ್ರೂ ಪುಡಿ ಕಹಿಯಾಗತ್ತೆ, ಹುಷಾರು" ಅನ್ನೋದು ನಮ್ಮಮ್ಮನ ಕಾಯಂ ಎಚ್ಚರಿಕೆ.

ಹೆಸರು ಕಲ್ಲುಹೂವಾದರೂ ಅದು ಕಲ್ಲೂ ಅಲ್ಲ, ಹೂವೂ ಅಲ್ಲ. ಗಿಡ ಅಂತ ಕರೆಯೋದಕ್ಕೂ ಬರೋದಿಲ್ಲ. ವಿಜ್ಞಾನದಲ್ಲಿ ಅದಕ್ಕೆ ಲೈಕೆನ್ ಅಂತಾರೆ. ನಮ್ಮ ಡಬ್ಬಿಯಲ್ಲಿರೋದು ಪಾರ್ಮೊಟ್ರೀಮಾ ಎಂಬ ಗುಂಪಿಗೆ ಸೇರಿದ್ದು, ಬಂಡೆಯ ಮೇಲೂ ಮರದ ತೊಗಟೆಯ ಮೇಲೂ ಬೆಳೆಯುತ್ತೆ. ಆದರೆ ಅಡುಗೆಗೆ ಬರೋದು ಬೆರಳೆಣಿಕೆಯ ಜಾತಿಗಳು ಮಾತ್ರ. ಪ್ರಪಂಚದಲ್ಲಿ ಸುಮಾರು 20,000 ಜಾತಿಯ ಲೈಕೆನ್‌ಗಳಿವೆ, ಭಾರತವೊಂದರಲ್ಲೇ ಎರಡೂವರೆ ಸಾವಿರಕ್ಕೂ ಹೆಚ್ಚು. ಬೆಟ್ಟ ಹತ್ತುವಾಗ ನಾವು ಬಂಡೆಯ ಬಣ್ಣ ಎಂದುಕೊಂಡು ದಾಟಿಹೋಗುವ ಬಿಳಿ, ಹಳದಿ, ಕಿತ್ತಳೆ, ಬೂದು, ಕಪ್ಪು ಮಚ್ಚೆಗಳಲ್ಲಿ ಬಹುಪಾಲು ಇವೇ.

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಸಸ್ಯಶಾಸ್ತ್ರಕ್ಕೂ ನನಗೂ ಪಿಯುಸಿಯಲ್ಲೇ ಸಂಬಂಧ ಮುಗಿದಿತ್ತು. ಆದರೆ ವಾರವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ವಾರಾಂತ್ಯದಲ್ಲಿ ಬೆಟ್ಟ ಬೇಕೇ ಬೇಕು ಅನ್ನಿಸುತ್ತೆ. ಹಾಗೆ ಹತ್ತಿ ಇಳಿಯುವ ಗುಂಪಿನಲ್ಲಿ ಒಬ್ಬ ಗೆಳತಿ ಯಾವಾಗಲೂ ಹಿಂದೆ ಉಳೀತಿದ್ದಳು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ, ಮೂಗು ಬಂಡೆಗೆ ತಾಗುವಷ್ಟು ಹತ್ತಿರ. ಒಂದು ದಿನ ನನ್ನ ಕೈಗೂ ಅದನ್ನು ಕೊಟ್ಟಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಆ ಗಾಜಿನೊಳಗೆ ಅಂಗೈಯಗಲದ ಬಂಡೆ ಒಂದು ಊರಿನ ನಕ್ಷೆಯ ಹಾಗೆ ಕಂಡಿತು. ಗಡಿಗಳಿದ್ದವು, ಓಣಿಗಳಿದ್ದವು, ಒತ್ತುವರಿಯೂ ಇತ್ತು! ಅಲ್ಲಿಂದ ನನ್ನ ತಲೆಗೆ ಹತ್ತಿದ ಪ್ರಶ್ನೆ ಒಂದೇ. ಈ ಊರಿನಲ್ಲಿ ಯಾರಿಗೆ ಎಲ್ಲಿ ಜಾಗ ಅಂತ ತೀರ್ಮಾನ ಮಾಡೋರು ಯಾರು?

ಒಂದು ಮನೆ, ಇಬ್ಬರು ಸಂಸಾರಸ್ಥರು

ಮೊದಲು ಈ ಜೀವಿಯ ಸಂಸಾರ ತಿಳ್ಕೊಳ್ಳೋಣ. 1867ರಲ್ಲಿ ಸೈಮನ್ ಶ್ವೆಂಡೆನರ್ ಎಂಬ ಸ್ವಿಸ್ ಸಸ್ಯವಿಜ್ಞಾನಿ ಲೈಕೆನ್ ಒಂದೇ ಜೀವಿಯಲ್ಲ, ಎರಡು ಜೀವಿಗಳ ಜಂಟಿ ಬಾಳ್ವೆ ಅಂತ ಹೇಳಿದ. ಒಬ್ಬರು ಶಿಲೀಂಧ್ರ, ಅಂದ್ರೆ ಅಣಬೆ, ಬೂಷ್ಟಿನ ವಂಶದವರು. ಇನ್ನೊಬ್ಬರು ಪಾಚಿ. ಶಿಲೀಂಧ್ರ ಮನೆ ಕಟ್ಟುತ್ತೆ, ಗೋಡೆ ಎಬ್ಬಿಸುತ್ತೆ, ಬಂಡೆಗೆ ಅಂಟಿಕೊಳ್ಳುತ್ತೆ, ನೀರು ಹಿಡಿದಿಡುತ್ತೆ. ಪಾಚಿ ಒಳಗೆ ಕೂತು ಬಿಸಿಲಿನಿಂದ ಅಡುಗೆ ಮಾಡುತ್ತೆ. ಕೆಲವು ಮನೆಗಳಲ್ಲಿ ಹಸಿರು ಪಾಚಿಯ ಬದಲು ನೀಲಿ-ಹಸಿರು ಪಾಚಿ ಇರುತ್ತೆ. ಅದಕ್ಕೆ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ವಿದ್ಯೆಯೂ ಗೊತ್ತು.

ಆ ಕಾಲದ ದೊಡ್ಡ ಲೈಕೆನ್ ತಜ್ಞರು ಈ ಮಾತನ್ನು ಒಪ್ಪಲಿಲ್ಲ. ಶ್ವೆಂಡೆನರ್ ಹೇಳಿದ್ದೇ ನಿಜ ಅಂತ ಸಾಬೀತಾಗೋದಕ್ಕೆ ದಶಕಗಳು ಹಿಡಿದವು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಅನೇಕ ಲೈಕೆನ್‌ಗಳ ಹೊರಚರ್ಮದಲ್ಲಿ ಯೀಸ್ಟ್ ಜಾತಿಯ ಇನ್ನೊಂದು ಶಿಲೀಂಧ್ರ ಇರೋದನ್ನು ತೋರಿಸಿದರು. ಗಂಡ ಹೆಂಡತಿ ಇಬ್ಬರೇ ಅಂದುಕೊಂಡಿದ್ದ ಮನೆಯಲ್ಲಿ ಅಟ್ಟದ ಮೇಲೆ ಬಾಡಿಗೆದಾರರೂ ಇದ್ದರು ಅನ್ನೋ ಹಾಗೆ!

ಮನೆಯ ಆಕಾರದಲ್ಲಿ ಮುಖ್ಯವಾಗಿ ಮೂರು ಬಗೆ. ಗಾಯದ ಹಕ್ಕಳೆಯ ಹಾಗೆ ಕಲ್ಲಿಗೆ ಕಚ್ಚಿಕೊಂಡು, ಕೀಳೋದಕ್ಕೇ ಬಾರದಂಥವು ಒಂದು. ಎಲೆಯ ಹಾಗೆ ಹರಡಿ ಅಂಚು ಎದ್ದಿರುವಂಥವು ಎರಡನೆಯದು, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂ ಈ ಜಾತಿ. ಪುಟ್ಟ ಪೊದೆಯ ಹಾಗೆ, ಗಡ್ಡದ ಹಾಗೆ ನಿಲ್ಲುವ ಇಲ್ಲವೇ ನೇತಾಡುವಂಥವು ಮೂರನೆಯದು. ಈ ಮೂರನ್ನು ಗುರುತಿಸೋದು ಕಲಿತರೆ ಸಾಕು, ಬಂಡೆಯ ಅರ್ಧ ಕಥೆ ಓದಬಹುದು.

ನೀರು ಬಂದಾಗ ಎದ್ದೇಳೋರು

ನಮ್ಮ ಗಿಡಗಳಿಗೆ ಬೇರಿದೆ, ಎಲೆಯ ಮೇಲೆ ಮೇಣದ ಪದರವಿದೆ. ನೀರನ್ನು ಕೂಡಿಟ್ಟು, ಲೆಕ್ಕ ಹಾಕಿ ಖರ್ಚು ಮಾಡುತ್ತವೆ. ಕಲ್ಲುಹೂವಿಗೆ ಇವೆರಡೂ ಇಲ್ಲ. ಸುತ್ತಲ ಗಾಳಿ ಒದ್ದೆಯಾದರೆ ಅದೂ ಒದ್ದೆ, ಒಣಗಿದರೆ ಅದೂ ಒಣಗುತ್ತೆ. ಒಣಗಿತು ಅಂದ್ರೆ ಸತ್ತಿತು ಅಂತಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಸ್ಲೀಪ್ ಮೋಡ್. ಉಸಿರಾಟ, ಅಡುಗೆ ಎಲ್ಲ ಬಂದ್. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲಿಡಲಾಗದ ಬಂಡೆಯ ಮೇಲೆ ಅವು ಬದುಕಿರೋದು ಹೀಗೆ. ಮೊದಲ ಮಳೆ ಹನಿ ಬಿದ್ದು ಕೆಲವೇ ನಿಮಿಷಕ್ಕೆ ಮತ್ತೆ ಕೆಲಸ ಶುರು.

ಹೀಗಾಗಿ ಒಂದು ವರ್ಷದಲ್ಲಿ ಎಷ್ಟು ಮಳೆ ಬಂತು ಅನ್ನೋದಕ್ಕಿಂತ, ಎಷ್ಟು ಹೊತ್ತು ಒದ್ದೆಯಾಗಿರುತ್ತೆ ಮತ್ತು ಆ ಹೊತ್ತಲ್ಲಿ ಬೆಳಕು ಇರುತ್ತಾ ಅನ್ನೋದು ಕಲ್ಲುಹೂವಿಗೆ ಮುಖ್ಯ. ರಾತ್ರಿ ಒದ್ದೆಯಾಗಿ, ಬೆಚ್ಚಗಿದ್ದು, ಬೆಳಗಾಗುವ ಮುಂಚೆ ಒಣಗಿದರೆ ಅದಕ್ಕೆ ನಷ್ಟ. ಉಸಿರಾಡಿ ಖರ್ಚು ಮಾಡಿದ್ದಷ್ಟೇ, ಬಿಸಿಲಿಲ್ಲದೆ ಸಂಪಾದನೆ ಇಲ್ಲ. ಬೆಳಗಿನ ಇಬ್ಬನಿ, ಮಂಜು, ನಿಧಾನಕ್ಕೆ ಏರುವ ಬಿಸಿಲು ಇದ್ದರೆ ಲಾಭ.

ಸಾವನದುರ್ಗಕ್ಕೆ ಹೋದವರು ಅಲ್ಲಿನ ಬಂಡೆಯ ಮೇಲೆ ಮಸಿ ಸುರಿದ ಹಾಗೆ ಇಳಿದಿರುವ ಕಪ್ಪು ಪಟ್ಟೆಗಳನ್ನು ನೋಡಿರ್ತೀರಿ. ಮಾಗಡಿ ಹತ್ತಿರದ, 1,226 ಮೀಟರ್ ಎತ್ತರದ ಆ ಬೃಹತ್ ಬೆಟ್ಟ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಉಷ್ಣವಲಯದ ಇಂಥ ಬೋಳು ಬಂಡೆಗಳಲ್ಲಿ ಮಳೆ ನೀರು ಹರಿದು ಇಳಿಯುವ ಜಾಡಿನಲ್ಲಿ ಕಾಣುವ ಈ ಕಪ್ಪು ಕೊಳೆಯಲ್ಲ, ಜೀವ. ನೀಲಿ-ಹಸಿರು ಪಾಚಿಗಳು ಮತ್ತು ಅವನ್ನು ಒಳಗಿಟ್ಟುಕೊಂಡ ಕಲ್ಲುಹೂಗಳು ಸೇರಿ ಆ ಪಟ್ಟೆ ಬಳಿದಿರುತ್ತವೆ. ಕಪ್ಪಾಗಿರೋದು ಬಿಸಿಲಿನ ವಿರುದ್ಧ ಅವು ಹೊದ್ದುಕೊಂಡ ಕೊಡೆ.

ಪಟ್ಟೆ ಅಲ್ಲೇ ಏಕೆ, ಪಕ್ಕದಲ್ಲಿ ಏಕಿಲ್ಲ? ಇದಕ್ಕೆ ಉತ್ತರದ ಒಂದು ಭಾಗ 1980ರ ದಶಕದಲ್ಲಿ ಜರ್ಮನಿಯ ಓಟ್ಟೋ ಲಾಂಗೆ ಮತ್ತು ಸಂಗಡಿಗರ ಪ್ರಯೋಗಗಳಿಂದ ಸಿಕ್ಕಿತು. ಹಸಿರು ಪಾಚಿ ಇರುವ ಕಲ್ಲುಹೂ ಬರೀ ತೇವದ ಗಾಳಿ ಕುಡಿದೇ ಎದ್ದು ಕೆಲಸ ಶುರು ಮಾಡಬಲ್ಲದು. ನೀಲಿ-ಹಸಿರು ಪಾಚಿಯದಕ್ಕೆ ಅದು ಸಾಲದು, ಹರಿಯುವ ಇಲ್ಲವೇ ಹನಿಯುವ ನಿಜವಾದ ನೀರೇ ಬೇಕು. ಆದ್ದರಿಂದ ನೀರು ಹರಿಯುವ ಓಣಿ ಕಪ್ಪಿನವರಿಗೆ. ಮಂಜು ತಾಗುವ ಏಣು, ಅಂಚುಗಳು ಬೂದು-ಹಸಿರಿನವರಿಗೆ.

ಇನ್ನು ಚಾಚಿದ ಬಂಡೆಯ ಕೆಳಗಡೆ ನೋಡಿ. ಅಲ್ಲಿ ಮಳೆ ನೇರವಾಗಿ ಬೀಳೋದೇ ಇಲ್ಲ. ಆದರೂ ಅರಿಶಿನ ಪುಡಿಯನ್ನೋ ಸುಣ್ಣದ ಪುಡಿಯನ್ನೋ ಎರಚಿದ ಹಾಗೆ ಒಂದು ಜಾತಿ ಅಂಟಿಕೊಂಡಿರುತ್ತೆ. ಅದರ ಮೇಲೆ ನೀರು ಹನಿಸಿದರೆ ಕೆಸುವಿನ ಎಲೆಯ ಮೇಲಿನಂತೆ ಜಾರಿಹೋಗುತ್ತೆ. ಗಾಳಿಯ ತೇವವೇ ಅದರ ಊಟ. ಮಳೆಯಲ್ಲಿ ನೆನೆಯುವ ಜಾಗ ಅದಕ್ಕೆ ಒಗ್ಗುವುದಿಲ್ಲ, ಮಿಕ್ಕವರಿಗೆ ಈ ಒಣ ಮೂಲೆ ಬೇಕಿಲ್ಲ. ಜಗಳವಿಲ್ಲದ ಪಾಲು!

ಕಲ್ಲಿನ ಗುಣ, ಹಕ್ಕಿಯ ಹಿಕ್ಕೆ

ನೀರಿನ ನಂತರ ಲೆಕ್ಕಕ್ಕೆ ಬರೋದು ಕಲ್ಲು. ಗ್ರಾನೈಟ್, ನೈಸ್, ಬೆಣಚುಕಲ್ಲುಗಳದ್ದು ಒಂದು ಗುಣ, ಸುಣ್ಣದ ಕಲ್ಲಿನದ್ದು ಇನ್ನೊಂದು. ಮೊದಲಿನವು ಆಮ್ಲದ ಕಡೆ ವಾಲಿದವು, ಸುಣ್ಣದ್ದು ಕ್ಷಾರ. ಇಲ್ಲಿ ಒಗ್ಗಿದ ಕಲ್ಲುಹೂ ಅಲ್ಲಿ ಒಗ್ಗೋದು ಅಪರೂಪ. ಸುಣ್ಣದ ಕಲ್ಲನ್ನು ಕೊರೆದು ಅದರ ಒಳಗೇ ವಾಸ ಮಾಡುವ ಜಾತಿಗಳೂ ಇವೆ. ಹೊರಗೆ ಬೀಜಗಳು ಬೆಳೆಯುವ ಪುಟ್ಟ ಚುಕ್ಕೆ ಮಾತ್ರ ಕಾಣುತ್ತೆ. ಇಲ್ಲಿ ಬೀಜ ಅಂದ್ರೆ ಶಿಲೀಂಧ್ರದ ಬೀಜಕಣ.

ಈ ವ್ಯತ್ಯಾಸ ನೋಡೋದಕ್ಕೆ ಬೆಟ್ಟಕ್ಕೇ ಹೋಗಬೇಕಿಲ್ಲ. ಹಳೇ ಬಡಾವಣೆಯಲ್ಲಿ ಕಲ್ಲು ಚಪ್ಪಡಿ ನಿಲ್ಲಿಸಿ, ನಡುವೆ ಸಿಮೆಂಟ್ ಮೆತ್ತಿದ ಕಾಂಪೌಂಡು ಇದ್ದರೆ ಗಮನಿಸಿ. ಸಿಮೆಂಟಿನಲ್ಲಿ ಸುಣ್ಣದ ಅಂಶವಿದೆ. ಚಪ್ಪಡಿಯ ಮೇಲೆ ಕೂತವರು ಬೇರೆ, ಸಿಮೆಂಟಿನ ಮೇಲೆ ಕೂತವರು ಬೇರೆ. ಒಂದೇ ಗೋಡೆ, ಒಂದೇ ಮಳೆ, ಒಂದೇ ಬಿಸಿಲು, ಆದರೂ ಗಡಿ ಸ್ಪಷ್ಟ. ಕಬ್ಬಿಣದ ಅಂಶ ಜಾಸ್ತಿ ಇರುವ ಬಂಡೆಗಳಲ್ಲಿ ತಾವೇ ತುಕ್ಕಿನ ಬಣ್ಣಕ್ಕೆ ತಿರುಗುವ ಜಾತಿಗಳೂ ಜಗತ್ತಿನಲ್ಲಿವೆ.

ಕಲ್ಲಿನ ಮೈ ಕೂಡ ಮುಖ್ಯ. ಪದರ ಪದರವಾಗಿ ಉದುರುವ ಬಂಡೆಯ ಮೇಲೆ ನಿಧಾನಕ್ಕೆ ಬೆಳೆಯುವವರು ಮನೆ ಕಟ್ಟಿ ಮುಗಿಸುವಷ್ಟರಲ್ಲಿ ನೆಲವೇ ಕಳಚಿಹೋಗುತ್ತೆ. ಗಟ್ಟಿ ಬಂಡೆಯಲ್ಲಿ ನೂರಾರು ವರ್ಷ ನಿಶ್ಚಿಂತೆ. ಒರಟು ಮೈಯಲ್ಲಿ ಬೀಜಕಣ ಸಿಕ್ಕಿಕೊಳ್ಳೋದಕ್ಕೆ ಸಂದಿ ಇರುತ್ತೆ, ನುಣುಪಾದದ್ದರಲ್ಲಿ ಜಾರಿಹೋಗುತ್ತೆ.

ಇನ್ನೊಂದು ತಮಾಷೆಯ ಸಂಗತಿ ಹಕ್ಕಿಗಳದ್ದು. ಹಿಮಾಲಯದಲ್ಲಿ, ಆಲ್ಪ್ಸ್‌ನಲ್ಲಿ ಚೂಪಾದ ಬಂಡೆಯ ತುದಿ ಮಾತ್ರ ಕೇಸರಿ ಬಣ್ಣಕ್ಕೆ ಹೊಳೆಯೋದನ್ನು ಚಾರಣಿಗರು ನೋಡಿರುತ್ತಾರೆ. ಕ್ಸಾಂಥೋರಿಯಾ ಎಲೆಗನ್ಸ್ ಎಂಬ ಕಲ್ಲುಹೂ ಅದು. ಹಕ್ಕಿಗಳು ದಿನಾ ಬಂದು ಕೂರುವ ಜಾಗ ಅದಕ್ಕೆ ಇಷ್ಟ. ಹಿಕ್ಕೆಯ ಸಾರಜನಕ ಅದಕ್ಕೆ ಗೊಬ್ಬರ. ಅಷ್ಟು ಸಾರವನ್ನು ತಡೆಯಲಾರದ ಜಾತಿಗಳು ಅಲ್ಲಿಂದ ದೂರ. ಹಕ್ಕಿ ಹಾರಿಹೋದ ಮೇಲೂ ಅದು ಎಲ್ಲಿ ಕೂತಿತ್ತು ಅಂತ ಬಂಡೆ ಹೇಳುತ್ತೆ.

ಎತ್ತರ ಏರಿದ ಹಾಗೆ

ಸಾವನದುರ್ಗದ ಬಂಡೆ ನೋಡಿದ ಕಣ್ಣಲ್ಲೇ ಮುಳ್ಳಯ್ಯನಗಿರಿ ಹತ್ತಿದರೆ ಬೇರೆ ರಾಜ್ಯಕ್ಕೇ ಬಂದ ಹಾಗೆ. ಸುಮಾರು 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರ. ಪ್ರತಿ ಸಾವಿರ ಮೀಟರ್ ಏರಿದರೆ ಸರಾಸರಿ ಆರು-ಆರೂವರೆ ಡಿಗ್ರಿ ತಂಪು ಅನ್ನೋದು ಲೆಕ್ಕ. ಬಯಲು ಸೀಮೆಯ ಬೋಳು ಬಂಡೆ ತಿಂಗಳುಗಟ್ಟಲೆ ಕಾದು ಕೂತರೆ, ಘಟ್ಟದ ಏಣಿನ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ನೆಲದ ಮೇಲೆ ಓಡಾಡುತ್ತೆ. ಬಿಸಿಲ ಬಂಡೆಯಲ್ಲಿ ಕಲ್ಲಿಗೇ ಕಚ್ಚಿಕೊಂಡ ಹಕ್ಕಳೆಯವರು ಮೆರೆದರೆ, ಮೋಡ ತಾಗುವ ಕಡೆ ಎಲೆಯಂಥವರು, ಗಡ್ಡದಂಥವರು ಧಾರಾಳವಾಗಿ ಕೈಕಾಲು ಚಾಚುತ್ತಾರೆ. ಹೆಚ್ಚು ಮೈ ಹರಡಿದರೆ ಹೆಚ್ಚು ಮಂಜು ಹಿಡಿಯಬಹುದು, ಆದರೆ ಬೇಗ ಒಣಗಲೂಬಹುದು. ಒಣಗಿಸುವ ಬಿಸಿಲು ಕಡಿಮೆಯಿರುವ ಕಡೆ ಮಾತ್ರ ಆ ಐಷಾರಾಮ.

ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಆಲ್ಪ್ಸ್‌ನಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ದಕ್ಷಿಣ ಮುಖ ಬಿಸಿ, ಉತ್ತರ ಮುಖ ತಂಪು, ಎರಡರಲ್ಲೂ ಬೇರೆ ಬೇರೆ ಸಮುದಾಯ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಓಡಾಡ್ತಾನೆ, ಬೇಸಿಗೆಯಲ್ಲಿ ಕೆಲವು ತಿಂಗಳು ಉತ್ತರಕ್ಕೂ ಹೋಗಿ ಬರ್ತಾನೆ. ಅದರಿಂದ ಉತ್ತರ-ದಕ್ಷಿಣದ ತಾರತಮ್ಯ ಅಷ್ಟು ಕಟ್ಟುನಿಟ್ಟಲ್ಲ. ಅದರ ಬದಲು ನೈಋತ್ಯ ಮಳೆಗಾಳಿ ಬಂದು ಅಪ್ಪಳಿಸುವ ಪಡುವಣ ಮುಖ ಮತ್ತು ಮಳೆಯ ಮರೆಯಲ್ಲಿ ಉಳಿಯುವ ಮೂಡಣ ಮುಖದ ವ್ಯತ್ಯಾಸ ಜೋರು.

ಇನ್ನೂ ಎತ್ತರದ, ಹಿಮದ ಬೆಟ್ಟಗಳಲ್ಲಿ ಮಾತಿರೋದು ಹಿಮದ ಕೈಯಲ್ಲಿ. ಚಳಿಗಾಲದಲ್ಲಿ ಹಿಮ ಕಂಬಳಿಯ ಹಾಗೆ ಕೊರೆವ ಗಾಳಿಯಿಂದ ಕಾಪಾಡುತ್ತೆ. ಆದರೆ ಅದು ಬೇಸಿಗೆಯಲ್ಲೂ ತಡವಾಗಿ ಕರಗಿದರೆ ಕೆಳಗಿರೋರಿಗೆ ಬೆಳಕೇ ಇಲ್ಲ. ಹಳದಿ-ಹಸಿರು ತುಂಡುಗಳ ನಡುವೆ ಕಪ್ಪು ಗೆರೆ ಎಳೆದು ಭೂಪಟದಂತೆ ಕಾಣುವ ರೈಜೋಕಾರ್ಪನ್ ಜಿಯಾಗ್ರಾಫಿಕಮ್ ಎಂಬ ಕಲ್ಲುಹೂ ಗಾಳಿಗೆ ಮೈಯೊಡ್ಡಿದ, ಹಿಮ ಬೇಗ ಹಾರಿಹೋಗುವ ಬಂಡೆಯಲ್ಲಿ ಸುಖವಾಗಿರುತ್ತೆ. ಹಿಮ ತಂಗುವ ತಗ್ಗಿನಲ್ಲಿ ಅದು ಉಳಿಯೋದಿಲ್ಲ. ಬೇಸಿಗೆಯಲ್ಲಿ ಹೋದವರಿಗೂ ಬಂಡೆಯ ಬಣ್ಣ ಬದಲಾಗುವ ಗೆರೆ ನೋಡಿದರೆ ಚಳಿಗಾಲದಲ್ಲಿ ಹಿಮ ಎಲ್ಲಿವರೆಗೆ ನಿಂತಿತ್ತು ಅಂತ ಅಂದಾಜು ಸಿಗುತ್ತೆ.

ಅಷ್ಟು ಎತ್ತರದ ಸುಡುವ ಕಿರಣಗಳಿಂದ ಪಾರಾಗೋದಕ್ಕೆ ಕಲ್ಲುಹೂಗಳು ತಮ್ಮದೇ ಸನ್‌ಸ್ಕ್ರೀನ್ ತಯಾರಿಸಿಕೊಳ್ಳುತ್ತವೆ. ನಾವು ಮೆಚ್ಚಿ ಫೋಟೋ ತೆಗೆಯುವ ಆ ಕೇಸರಿ, ಹಳದಿ, ಕಂದು ಬಣ್ಣಗಳೇ ಅದು. 2005ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿಗಳು ಮೇಲೆ ಹೇಳಿದ ಭೂಪಟದ ಕಲ್ಲುಹೂ ಮತ್ತು ಕೇಸರಿ ಕಲ್ಲುಹೂ ಎರಡನ್ನೂ ರಷ್ಯಾದ ಫೋಟಾನ್-ಎಂ2 ಉಪಗ್ರಹದ ಹೊರಮೈಗೆ ಕಟ್ಟಿ ಕಳಿಸಿದ್ದರು. ಗಾಳಿಯಿಲ್ಲ, ನೀರಿಲ್ಲ, ಸೂರ್ಯನ ಕಿರಣಕ್ಕೆ ತಡೆಯಿಲ್ಲ. ಸುಮಾರು 15 ದಿನ ಹಾಗಿದ್ದು ಇಳಿದುಬಂದ ಮೇಲೆ ನೀರು ಕೊಟ್ಟರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಅಡುಗೆ ಶುರು ಮಾಡಿದವು.

ಹಾಗಾದ್ರೆ ಅವಕ್ಕೆ ಏನೂ ಆಗಲ್ವಾ?

ಇದೇ ಮಾತನ್ನು ನಮ್ಮ ದೊಡ್ಡಪ್ಪ ನನ್ನ ವಿರುದ್ಧವೇ ತಿರುಗಿಸಿದರು. ತುಮಕೂರು ಜಿಲ್ಲೆಯ ನಮ್ಮೂರ ಪಕ್ಕ ಒಂದು ಸಣ್ಣ ಕಲ್ಲುಗುಡ್ಡ, ಮೇಲೆ ಆಂಜನೇಯನ ಗುಡಿ. ದೊಡ್ಡಪ್ಪ ಗುಡಿಯ ಸಮಿತಿಯಲ್ಲಿದ್ದಾರೆ. ಜಾತ್ರೆಗೆ ಮುಂಚೆ ಮೆಟ್ಟಿಲು ಮತ್ತು ಎರಡೂ ಬದಿಯ ಬಂಡೆಗೆ ಆಸಿಡ್ ಹಾಕಿ, ಜೋರು ನೀರಿನ ಮಷಿನ್‌ನಲ್ಲಿ ತೊಳೆದು, ಬಣ್ಣ ಹೊಡೆಸೋಣ ಅಂತ ಸಮಿತಿ ತೀರ್ಮಾನಿಸಿತ್ತು.

ನಾನು ಬೇಡ ಅಂದೆ.

"ಬಾಹ್ಯಾಕಾಶಕ್ಕೆ ಹೋಗಿ ಬಂದಿರೋದು ಒಂಚೂರು ಆಸಿಡ್‌ಗೆ ಸಾಯತ್ತಾ? ನೋಡಮ್ಮ, ಹೋದ ಶ್ರಾವಣದಲ್ಲಿ ನಿಮ್ಮ ದೊಡ್ಡಮ್ಮನೇ ಜಾರಿ ಬಿದ್ದು ಸೊಂಟ ಮುರ್ಕೊಂಡಳು. ಮೂರು ತಿಂಗಳು ಹಾಸಿಗೆ. ನಿನಗೆ ಕಲ್ಲಿನ ಮೇಲಿರೋ ಮಚ್ಚೆ ದೊಡ್ಡದೋ, ಅವಳ ಸೊಂಟ ದೊಡ್ಡದೋ?"

ಈ ಪ್ರಶ್ನೆಗೆ ಉತ್ತರವಾಗಿ ಜೀವವೈವಿಧ್ಯ ಅಂತ ಭಾಷಣ ಮಾಡೋದರಲ್ಲಿ ಅರ್ಥವಿರಲಿಲ್ಲ. ದೊಡ್ಡಮ್ಮ ಈಗಲೂ ಕೋಲು ಹಿಡಿದೇ ಓಡಾಡ್ತಾರೆ. ಅವರ ಕಷ್ಟವನ್ನು ಪಕ್ಕಕ್ಕಿಟ್ಟು ಬಂಡೆಯ ಪರ ಮಾತಾಡೋದು ನನ್ನಿಂದಾಗೋದಿಲ್ಲ. ಆದರೆ ಅವರು ಜಾರಿದ್ದು ಯಾವುದರ ಮೇಲೆ ಅನ್ನೋದನ್ನಂತೂ ನೋಡಬೇಕಲ್ಲ. ಮರುದಿನ ತುಂತುರು ಮಳೆಯಲ್ಲೇ ದೊಡ್ಡಪ್ಪನ ಜೊತೆ ಗುಡ್ಡ ಹತ್ತಿದೆ.

ಜಾರುತ್ತಿದ್ದದ್ದು ಮೆಟ್ಟಿಲ ಮೇಲೆ, ಅದೂ ಎರಡೇ ಕಡೆ. ಆಲದ ಮರದ ನೆರಳು ಬೀಳುವಲ್ಲಿ ಮತ್ತು ಮೇಲಿನ ದೊಣೆಯ ನೀರು ಜಿನುಗುವಲ್ಲಿ. ಅಲ್ಲಿದ್ದದ್ದು ಹಾವಸೆ, ಬರೀ ಪಾಚಿಯ ಲೋಳೆ. ಉಗುರಿನಿಂದ ಕೆರೆದರೆ ಬರುತ್ತೆ, ಎರಡು ಮಳೆಗೆ ಮತ್ತೆ ಹುಟ್ಟುತ್ತೆ. ಎರಡೂ ಬದಿಯ ಕಡಿದಾದ ಬಂಡೆಯ ಮೇಲೆ ಯಾರೂ ನಡೆಯೋದಿಲ್ಲ. ಕಲ್ಲುಹೂ ಇದ್ದದ್ದು ಅಲ್ಲಿ.

ಅಲ್ಲೇ ಒಂದು ಕಡೆ ಯಾರೋ ಉಳಿಯಿಂದ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ, ಕೆಳಗೆ 2009 ಅಂತ ಕೆತ್ತಿದ್ದರು. ನಾನಾಗ ಹೈಸ್ಕೂಲು. ಇಷ್ಟು ವರ್ಷವಾದರೂ ಆ ಅಕ್ಷರಗಳು ನಿನ್ನೆ ಕೆತ್ತಿದಷ್ಟು ಬೆಳ್ಳಗೆ ಕಾಣ್ತವೆ. ಸುತ್ತಲ ಬಂಡೆಯೆಲ್ಲ ಬೂದು, ಹಸಿರು, ಕಂದು ಮಚ್ಚೆ. ಅಕ್ಷರದೊಳಗೆ ಭೂತಗನ್ನಡಿ ಇಟ್ಟರೆ ಮಾತ್ರ ಸಾಸಿವೆಗಿಂತ ಸಣ್ಣ ಒಂದೆರಡು ಚುಕ್ಕೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಆ ಹುಡುಗನಿಗೆ ಮದುವೆಯಾಗಿ ಮಕ್ಕಳು ಸ್ಕೂಲಿಗೆ ಹೋಗ್ತಾವೆ. ಇದಿನ್ನೂ ಇಷ್ಟೇನಾ?" ಅಂದರು.

ಇಷ್ಟೇ. ಒಣಗೋದನ್ನು, ಕಾಯೋದನ್ನು, ಕೊರೆಯೋದನ್ನು ಸಹಿಸುವ ಶಕ್ತಿಗೆ ಅದು ಕೊಡುವ ಬೆಲೆ ನಿಧಾನ. ಎಲೆಯಂಥವು ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆದರೆ, ಹಕ್ಕಳೆಯಂಥವು ಒಂದು ಮಿಲಿಮೀಟರೂ ಬೆಳೆಯೋದಿಲ್ಲ. ಆಸ್ಟ್ರಿಯಾದ ರೋಲಾಂಡ್ ಬೆಶೆಲ್ ಎಂಬ ವಿಜ್ಞಾನಿ 1950ರಲ್ಲಿ ಈ ನಿಧಾನವನ್ನೇ ಗಡಿಯಾರ ಮಾಡಿಕೊಂಡ. ಹಿಮನದಿ ಹಿಂದೆ ಸರಿದಾಗ ಹೊರಬಿದ್ದ ಬಂಡೆಯ ಮೇಲಿನ ಅತಿ ದೊಡ್ಡ ಕಲ್ಲುಹೂವಿನ ಅಗಲ ಅಳೆದರೆ, ಆ ಬಂಡೆ ಬಿಸಿಲು ಕಂಡು ಎಷ್ಟು ವರ್ಷವಾಯಿತು ಅಂತ ಹೇಳಬಹುದು. ಹಿಮಾಲಯದ ಹಿಮನದಿಗಳ ಅಧ್ಯಯನದಲ್ಲೂ ಈ ವಿಧಾನ ಬಳಕೆಯಲ್ಲಿದೆ.

ಕೊನೆಗೆ ಆದದ್ದು ಇಷ್ಟು. ಮೆಟ್ಟಿಲನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರು. ದೊಣೆಯ ನೀರು ಮೆಟ್ಟಿಲಿಗೆ ಬರದ ಹಾಗೆ ಪಕ್ಕಕ್ಕೆ ಒಂದು ಕಾಲುವೆ ಮಾಡಿದರು. ಬಂಡೆಗೆ ಬಣ್ಣ ಹೊಡೆಯೋದಕ್ಕಿಟ್ಟ ದುಡ್ಡಿನಲ್ಲಿ ಕಬ್ಬಿಣದ ಕೈಪಿಡಿ ಬಂತು. ಗುಡಿಯ ಮುಂದಿನ ದೊಡ್ಡ ಬಂಡೆಗೆ ಮಾತ್ರ ಕೇಸರಿ ಬಣ್ಣ ಬಿತ್ತು, ಅಲ್ಲಿ ನನ್ನ ಮಾತು ನಡೆಯಲಿಲ್ಲ. ದೊಡ್ಡಮ್ಮ ಈ ಸಲ ಕೈಪಿಡಿ ಹಿಡ್ಕೊಂಡು ಅರ್ಧದವರೆಗೆ ಹತ್ತಿದರು.

ಕಲ್ಲುಹೂ ಎಲ್ಲೆಡೆ ಒಳ್ಳೆಯದೇ?

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಕಲ್ಲುಹೂ ಬಂಡೆಯನ್ನು ತಿನ್ನುತ್ತೆ. ಅದರ ಎಳೆಗಳು ಹರಳುಗಳ ಸಂದಿಗೆ ಇಳಿಯುತ್ತವೆ, ಒದ್ದೆಯಾದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತಾ ಕಣ ಕಣ ಕೀಳುತ್ತವೆ. ಅದು ಸುರಿಸುವ ಆಕ್ಸಾಲಿಕ್ ಆಮ್ಲ ಕಲ್ಲನ್ನು ಕರಗಿಸುತ್ತೆ. ಬೆಟ್ಟದಲ್ಲಿ ಇದು ವರ. ಬೋಳು ಬಂಡೆಯ ಮೇಲೆ ಮೊದಲ ಚಿಟಿಕೆ ಮಣ್ಣು ಆಗೋದೇ ಹೀಗೆ, ಅದರ ಮೇಲೆ ಹಾವಸೆ, ಹುಲ್ಲು, ಆಮೇಲೆ ಗಿಡ. ಆದರೆ ಶಿಲಾಬಾಲಿಕೆಯ ಮೂಗಿನ ಮೇಲೆ ಅದೇ ಕೆಲಸ ನಡೆದರೆ ಅಳಿವು. ಹಳೆಯ ದೇವಸ್ಥಾನ, ಶಾಸನಗಳಲ್ಲಿ ಸಂರಕ್ಷಕರು ಇವನ್ನು ತೆಗೆಯೋದಕ್ಕೆ ಕಾರಣವಿದೆ. ಹಾಗಂತ ಅದು ಗೊತ್ತಿದ್ದವರು ಮಾಡುವ ಸೂಕ್ಷ್ಮ ಕೆಲಸ, ಆಸಿಡ್ ಬಾಟಲಿ ಹಿಡಿದು ಹೊರಡುವಂಥದ್ದಲ್ಲ.

ಇನ್ನೊಂದು ಅಪಾಯ ಗಾಳಿಯಿಂದ. ವಿಲಿಯಂ ನೈಲಾಂಡರ್ ಎಂಬ ಫಿನ್ಲೆಂಡಿನ ವಿಜ್ಞಾನಿ 1866ರಲ್ಲೇ, ಪ್ಯಾರಿಸ್ಸಿನಲ್ಲಿ ಲಕ್ಸೆಂಬರ್ಗ್ ಉದ್ಯಾನದಲ್ಲಿ ಉಳಿದ ಕಲ್ಲುಹೂಗಳು ನಗರದ ಬೇರೆ ಕಡೆ ಇಲ್ಲದ್ದನ್ನು ಗಮನಿಸಿ, ಗಾಳಿಯ ಗುಣಕ್ಕೆ ಇವು ಅಳತೆಗೋಲು ಅಂತ ಬರೆದ. ಶ್ವೆಂಡೆನರ್‌ನ ಜಂಟಿ ಬಾಳ್ವೆಯ ಮಾತನ್ನು ಕಡುವಾಗಿ ವಿರೋಧಿಸಿದವರಲ್ಲಿ ಇದೇ ನೈಲಾಂಡರ್ ಕೂಡ ಒಬ್ಬ ಅನ್ನೋದು ಇತಿಹಾಸದ ಚೋದ್ಯ. ಕಾರಣ ಸರಳ. ಬೇರಿಲ್ಲದ, ಮೇಣದ ಹೊದಿಕೆಯಿಲ್ಲದ ಈ ಜೀವಿ ಮೈಯೆಲ್ಲ ಬಾಯಾಗಿ ಗಾಳಿ, ಮಳೆಯಲ್ಲಿ ಬಂದದ್ದನ್ನೆಲ್ಲ ಹೀರುತ್ತೆ. ಒಳ್ಳೆಯದಿದ್ದರೆ ಒಳ್ಳೆಯದು, ಗಂಧಕದ ಹೊಗೆಯಿದ್ದರೆ ಅದೂ.

ಬೆಟ್ಟದ ತುದಿಯವರ ಕಷ್ಟ ಇನ್ನೂ ಬೇರೆ. ಬಿಸಿ ಹೆಚ್ಚಾದರೆ ತಪ್ಪಲಿನ ಜಾತಿಗಳು ತಂಪು ಹುಡುಕಿಕೊಂಡು ತಲೆಮಾರುಗಳ ಲೆಕ್ಕದಲ್ಲಿ ಮೇಲಕ್ಕೆ ಸರಿಯಬಹುದು. ಈಗಾಗಲೇ ಶಿಖರದಲ್ಲಿರುವವರು ಇನ್ನೆಲ್ಲಿಗೆ ಹೋಗಬೇಕು? ಮೋಡ ತಾಗುವ ಎತ್ತರ ಒಂದಿಷ್ಟು ಮೇಲೆ ಸರಿದರೂ ಮಂಜು ಕುಡಿದು ಬದುಕುವವರಿಗೆ ಅದು ಬರಗಾಲವೇ. ಮತ್ತು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುವವರಿಗೆ ಓಡಿಹೋಗುವ ವೇಗವಿಲ್ಲ.

ಇಂಥ ಜೀವಿಗಳನ್ನು ಹೆಸರಿಟ್ಟು ಗುರುತಿಸಿದ್ದರಿಂದಲೇ ನಮಗೆ ಇಷ್ಟಾದರೂ ಗೊತ್ತು. ಭಾರತದಲ್ಲಿ ಆ ಕೆಲಸಕ್ಕೆ ಅಡಿಪಾಯ ಹಾಕಿದವರು ಲಖನೌದ ಪ್ರೊಫೆಸರ್ ಡಿ. ಡಿ. ಅವಸ್ಥಿ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇಂದಿಗೂ ದೇಶದ ಕಲ್ಲುಹೂಗಳ ದೊಡ್ಡ ಸಂಗ್ರಹವಿದೆ.

ನೀವೂ ನೋಡಬಹುದು

ಇದಕ್ಕೆ ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು. ಮಕ್ಕಳನ್ನೂ ಜೊತೆಗೆ ಕರ್ಕೊಳ್ಳಿ.

ಹತ್ತು ಪಟ್ಟಿನ ಒಂದು ಪುಟ್ಟ ಭೂತಗನ್ನಡಿ ತಗೊಳ್ಳಿ. ಗಾಜನ್ನು ಕಣ್ಣಿಗೆ ಹತ್ತಿರ ಹಿಡಿದು, ತಲೆಯನ್ನೇ ಬಂಡೆಯ ಹತ್ತಿರ ಒಯ್ಯಬೇಕು.

ಒಣಗಿದ ಎಲೆಯಂಥ ಕಲ್ಲುಹೂವಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಬಿಡಿ. ಒಂದೆರಡು ನಿಮಿಷದಲ್ಲಿ ಬೂದು ಬಣ್ಣ ಹಸಿರಿಗೆ ತಿರುಗೋದು ಕಾಣುತ್ತೆ. ಮೇಲಿನ ಪದರ ನೆನೆದು ಪಾರದರ್ಶಕವಾಗಿ ಒಳಗಿನ ಪಾಚಿ ಕಾಣೋದರಿಂದ ಹಾಗೆ. ನನ್ನ ಅಣ್ಣನ ಮಗಳು ಇದಕ್ಕೆ ಮ್ಯಾಜಿಕ್ ಕಲ್ಲು ಅಂತಲೇ ಹೆಸರಿಟ್ಟಿದ್ದಾಳೆ.

ಒಂದೇ ಬಂಡೆಯ ನಾಲ್ಕು ಮುಖ ಸುತ್ತಿ. ನೀರಿನ ಜಾಡು, ನೆತ್ತಿ, ನೆರಳು, ಚಾಚಿದ ಬಂಡೆಯ ಕೆಳಭಾಗ. ಎಲ್ಲಿ ಯಾವ ಬಣ್ಣ, ಯಾವ ಆಕಾರ ಅಂತ ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಕೆರೆಯಬೇಡಿ, ಕೀಳಬೇಡಿ. ಅಡುಗೆಗೆ ಬೇಕಾದ್ದು ಅಂಗಡಿಯಲ್ಲಿ ಸಿಗುತ್ತೆ, ಬೆಟ್ಟದ ಮೇಲಿನದನ್ನು ಬಾಯಿಗೆ ಹಾಕೋ ಪ್ರಯೋಗ ಬೇಡವೇ ಬೇಡ. ಕೆಲವು ಜಾತಿಗಳಲ್ಲಿ ವಿಷವಿದೆ.

ಕೊನೆಯದಾಗಿ, ಒಂದು ಮಚ್ಚೆ ಆರಿಸಿಕೊಂಡು ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೀರಿ. ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ಮಚ್ಚೆ, ಅದೇ ನಾಣ್ಯ. ನಾನು ಸಾವನದುರ್ಗದ ಒಂದು ಹಕ್ಕಳೆಯನ್ನು ಐದು ರೂಪಾಯಿ ನಾಣ್ಯದ ಜೊತೆ ಮೂರು ವರ್ಷದಿಂದ ಫೋಟೋ ತೆಗೀತಿದ್ದೀನಿ. ಈ ಮೂರು ವರ್ಷದಲ್ಲಿ ನಾನು ಎರಡು ಕೆಲಸ ಬದಲಾಯಿಸಿದೆ, ಒಂದು ಬಾಡಿಗೆ ಮನೆ ಬಿಟ್ಟೆ, ಅಮ್ಮನ ಕೂದಲು ಪೂರ್ತಿ ಬೆಳ್ಳಗಾಯಿತು. ಮೂರೂ ಫೋಟೋ ಪಕ್ಕಪಕ್ಕ ಇಟ್ಟರೆ ನಾಣ್ಯ ಮಾತ್ರ ಸ್ವಲ್ಪ ಮಾಸಿದೆ.